ಕತ್ತು ವಾಲಿದ ಗೊಂಬೆ: ಮೊದಲ ಫೆಲ್ಟ್ ಹೊಲಿಗೆಯ ದೋಷ ನಿವಾರಣೆ

ಕಳೆದ ದಸರೆಯಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದೆ. ಮೇಲೆ ಅಜ್ಜಿಯ ಕಾಲದ ರಕ್ತಚಂದನದ ಪಟ್ಟದ ಗೊಂಬೆಗಳು, ನಡುವೆ ಚನ್ನಪಟ್ಟಣದ ಮರದ ಬೊಂಬೆಗಳು, ಕೆಳಗೆ ನಾನು ಫೆಲ್ಟಿನಲ್ಲಿ, ಅಂದರೆ ನೇಯದೆ ನಾರುಗಳನ್ನೇ ಹೆಣೆದು ಹಾಳೆ ಮಾಡಿದ ಬಟ್ಟೆಯಲ್ಲಿ, ಕೈಯಲ್ಲೇ ಹೊಲಿದ ಮೊದಲ ಗೊಂಬೆ. ಹಸಿರು ಲಂಗ, ಕೆಂಪು ರವಿಕೆ, ಎರಡು ಜಡೆ, ಜಡೆಗೆ ಮಲ್ಲಿಗೆ. ಮೂರನೆಯ ದಿನದ ಸಂಜೆ ಆರತಿಯ ಹೊತ್ತಿಗೆ ಅದರ ತಲೆ ಎಡಭುಜದ ಮೇಲೆ ವಾಲಿಕೊಂಡಿತ್ತು. ನಾಲ್ಕು ವರ್ಷದ ಅಕ್ಕನ ಮಗಳು ಹತ್ತಿರ ಬಂದು, "ಚಿಕ್ಕಮ್ಮ, ಇವಳಿಗೆ ನಿದ್ದೆ ಬಂದಿದೆಯಾ?" ಎಂದು ಕೇಳಿದಳು.

ಆ ರಾತ್ರಿ ಕತ್ತಿನ ಹೊಲಿಗೆಯನ್ನು ಬಿಚ್ಚಿ, ಇನ್ನಷ್ಟು ಬಿಗಿಯಾಗಿ ಹೊಲಿದೆ. ಬೆಳಿಗ್ಗೆ ಮತ್ತೆ ವಾಲಿತ್ತು. ಈ ಸಲ ಕತ್ತಿನ ಅಂಚು ಸುಕ್ಕುಗಟ್ಟಿ, ಒಂದು ಕಡೆ ಬಟ್ಟೆಯೂ ಹಿಂಜಿತ್ತು. ನಮ್ಮ ಬೀದಿಯ ತುದಿಯಲ್ಲಿ ನಲವತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವ ಟೇಲರ್ ಒಬ್ಬರಿದ್ದಾರೆ. ಅವರ ಕೈಗೆ ಗೊಂಬೆಯನ್ನು ಕೊಟ್ಟೆ. ಅವರು ಹೊಲಿಗೆಯನ್ನು ನೋಡಲೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕತ್ತನ್ನು ಹಿಡಿದು ಒತ್ತಿದರು. ಎರಡು ಬೆರಳೂ ಒಂದಕ್ಕೊಂದು ತಾಗಿದಂತೆ ಆಯಿತು. "ನೋಡಮ್ಮ, ಹೊಲಿಗೆಯಲ್ಲಿ ತಪ್ಪಿಲ್ಲ. ಕತ್ತಿನ ಒಳಗೆ ಹತ್ತಿಯೇ ಇಲ್ಲ. ಇಷ್ಟು ಸಣ್ಣಗೆ ಕತ್ತರಿಸಿದರೆ ಹತ್ತಿ ಹೋಗುವುದಾದರೂ ಹೇಗೆ?" ಎಂದರು.

ದೋಷ ಕಾಣಿಸಿದ್ದು ಕತ್ತಿನಲ್ಲಿ. ಅದು ಹುಟ್ಟಿದ್ದು ಎರಡು ವಾರ ಹಿಂದೆ, ಊಟದ ಮೇಜಿನ ಮೇಲೆ ನಾನು ಕಾಗದದಲ್ಲಿ ಗೊಂಬೆಯ ಆಕಾರ ಬರೆದಾಗ. ಆಮೇಲೆ ಹೊಲಿದ ಗೊಂಬೆಗಳಲ್ಲೂ, ಹೊಸದಾಗಿ ಕಲಿಯುವವರು ತಂದು ತೋರಿಸಿದ ಗೊಂಬೆಗಳಲ್ಲೂ ಇದನ್ನೇ ಮತ್ತೆ ಮತ್ತೆ ಕಂಡಿದ್ದೇನೆ. ಫೆಲ್ಟ್ ಗೊಂಬೆಯ ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಕಂಡ ಜಾಗದಲ್ಲೇ ಸೂಜಿ ಹಾಕಿದರೆ ಕೆಲಸ ಎರಡರಷ್ಟಾಗುತ್ತದೆ.

ಬಿಚ್ಚುವ ಮೊದಲು

ಕತ್ತರಿಯನ್ನು ದೂರ ಇಡಿ. ಫೆಲ್ಟ್ ಒಮ್ಮೆ ಚುಚ್ಚಿದ ತೂತನ್ನು ಹತ್ತಿಬಟ್ಟೆಯಷ್ಟು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಒಂದೇ ಅಂಚನ್ನು ಮೂರು ಸಲ ಬಿಚ್ಚಿ ಹೊಲಿದರೆ ಅದು ಅಂಚೆಚೀಟಿಯ ಅಂಚಿನಂತೆ ತೂತುತೂತಾಗಿ ಹರಿಯುತ್ತದೆ. ಆದ್ದರಿಂದ ಬಿಚ್ಚುವ ಅವಕಾಶ ಒಂದೇ ಒಂದು ಎಂದುಕೊಂಡು ಪರೀಕ್ಷೆ ಮಾಡಿ.

ನಾನು ಕೊನೆಯ ಕೆಲಸದಿಂದ ಮೊದಲ ಕೆಲಸದ ಕಡೆಗೆ ಹೋಗುತ್ತೇನೆ. ಮೊದಲು ತುಂಬಿದ್ದು, ಆಮೇಲೆ ಹೊಲಿದದ್ದು, ಆಮೇಲೆ ಕತ್ತರಿಸಿದ್ದು, ಕೊನೆಗೆ ಬಟ್ಟೆ. ಕಣ್ಣು ಮುಚ್ಚಿಕೊಂಡು ಗೊಂಬೆಯ ಮೈಯನ್ನೆಲ್ಲ ಎರಡು ಬೆರಳಲ್ಲಿ ಒತ್ತುತ್ತಾ ಬನ್ನಿ. ಪೊಳ್ಳು ಎಲ್ಲಿದೆ, ಗಂಟು ಎಲ್ಲಿದೆ ಎಂಬುದು ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯ ಸಾಲನ್ನು ನೋಡಿ. ಮೂರನೆಯದಾಗಿ, ಕತ್ತರಿಸಿದ ಕಾಗದದ ಮಾದರಿಯನ್ನು ಗೊಂಬೆಯ ಮೇಲಿಟ್ಟು ಹೋಲಿಸಿ. ಕಾಗದದ ಮಾದರಿಯನ್ನು ಎಸೆಯಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಅದಿಲ್ಲದಿದ್ದರೆ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ತಲೆ ನಿಲ್ಲುತ್ತಿಲ್ಲ

ಮೊದಲ ಗೊಂಬೆಗಳಲ್ಲಿ ಹೆಚ್ಚಾಗಿ ಕಾಣುವ ದೂರು ಇದು. ಸ್ವಲ್ಪ ಲೆಕ್ಕ ಹಾಕಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಕಾಗದದ ಮೇಲೆ ಕತ್ತು 3 ಸೆಂ.ಮೀ. ಅಗಲ ಇದೆ ಎಂದುಕೊಳ್ಳಿ. ಎರಡೂ ಬದಿಯಲ್ಲಿ ಅಂಚಿನಿಂದ 3 ಮಿ.ಮೀ. ಒಳಗೆ ಹೊಲಿದರೆ ಉಳಿಯುವುದು 2.4 ಸೆಂ.ಮೀ. ಅದು ಚಪ್ಪಟೆಯಾಗಿದ್ದಾಗಿನ ಅಳತೆ. ಹತ್ತಿ ತುಂಬಿದ ಮೇಲೆ ಕತ್ತು ದುಂಡಗಾಗುತ್ತದೆ. ಮುಂದಿನ ಪದರ, ಹಿಂದಿನ ಪದರ ಸೇರಿ ಸುತ್ತಳತೆ 4.8 ಸೆಂ.ಮೀ. ಆದಾಗ ಅಡ್ಡಳತೆ ಸುಮಾರು 1.5 ಸೆಂ.ಮೀ. ಮಾತ್ರ. ಕಾಗದದಲ್ಲಿ ಬರೆದದ್ದರ ಅರ್ಧ! ತಲೆಯೂ ಹೀಗೆಯೇ ಕುಗ್ಗುತ್ತದೆ. ಆದರೆ ಅಗಲವಾದ ಭಾಗದಲ್ಲಿ ಹೊಲಿಗೆಗೆ ಹೋಗುವ ಪಾಲು ಕಡಿಮೆ. 8 ಸೆಂ.ಮೀ. ತಲೆ 4.7 ಸೆಂ.ಮೀ.ಗೆ ಇಳಿಯುತ್ತದೆ. ಹೀಗಾಗಿ ಕಾಗದದಲ್ಲಿ ಹೊಂದಿಕೊಂಡಂತೆ ಕಾಣುವ ಕತ್ತು ಗೊಂಬೆಯಲ್ಲಿ ತಲೆಯ ಮುಂದೆ ತೀರಾ ಸಣ್ಣದಾಗಿ ಬಿಡುತ್ತದೆ. ಕೈಕಾಲು ಕಡ್ಡಿಯಂತೆ ಆಗುವುದಕ್ಕೂ ಕಾರಣ ಇದೇ.

ಕತ್ತನ್ನು ಒತ್ತಿದಾಗ ಬೆರಳುಗಳು ಹತ್ತಿರ ಬಂದರೆ ಒಳಗೆ ಪೊಳ್ಳಿದೆ. ಗಟ್ಟಿಯಾಗಿದ್ದೂ ವಾಲಿದರೆ ತಲೆ ಭಾರ, ಕತ್ತು ಸಣ್ಣ. ಇನ್ನೂ ಒಂದು ಸಾಧ್ಯತೆ ಇದೆ. ಕತ್ತಿನ ಮೇಲೆ ಮತ್ತು ಕೆಳಗೆ ಗಟ್ಟಿಯಾಗಿದ್ದು, ನಡುವೆ ಮಾತ್ರ ಮಡಚಿದ ಗೆರೆ ಬಿದ್ದಿದ್ದರೆ ತಲೆಗೆ ಒಂದು ಉಂಡೆ, ಎದೆಗೆ ಒಂದು ಉಂಡೆ ಬೇರೆಬೇರೆಯಾಗಿ ತುಂಬಿದ್ದೀರಿ, ಎರಡರ ನಡುವೆ ಕೊಂಡಿಯಿಲ್ಲ ಎಂದು ಅರ್ಥ. ನನ್ನ ಗೊಂಬೆಯಲ್ಲಿ ಮೊದಲನೆಯದೂ ಮೂರನೆಯದೂ ಒಟ್ಟಿಗೆ ಇದ್ದವು.

ಮೂರಕ್ಕೂ ಒಂದೇ ರಿಪೇರಿ ಸಾಕಾಗುತ್ತದೆ. ಒಂದು ಬದಿಯ ಹೊಲಿಗೆಯನ್ನು ಕೆನ್ನೆಯ ಕೆಳಗಿನಿಂದ ಭುಜದವರೆಗೆ ಮಾತ್ರ ಬಿಚ್ಚಿ. ಅದೇ ಬಣ್ಣದ ಫೆಲ್ಟಿನಲ್ಲಿ 12 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಚಾಪೆ ಸುತ್ತುವ ಹಾಗೆ ಉದ್ದಕ್ಕೂ ಬಿಗಿಯಾಗಿ ಸುತ್ತಿ. ಒಂದೂವರೆ ಮಿ.ಮೀ. ದಪ್ಪದ ಫೆಲ್ಟ್ ಆದರೆ ಸುರುಳಿ ಸರಿಯಾಗಿ ಒಂದೂವರೆ ಸೆಂ.ಮೀ. ದಪ್ಪ ಬರುತ್ತದೆ, ಮೇಲೆ ಹೇಳಿದ ಕತ್ತಿಗೆ ಅಳತೆ ಮಾಡಿದಂತೆ. ಬಿಚ್ಚಿಕೊಳ್ಳದಂತೆ ಅದರ ಅಂಚಿಗೆ ನಾಲ್ಕು ಹೊಲಿಗೆ ಹಾಕಿ. ಎರಡು ಸೆಂ.ಮೀ. ತಲೆಯೊಳಗೆ, ಎರಡು ಸೆಂ.ಮೀ. ಎದೆಯೊಳಗೆ ಹೋಗುವಂತೆ ಸುರುಳಿಯನ್ನು ಕೂರಿಸಿ, ಸುತ್ತ ಹತ್ತಿಯನ್ನು ಒತ್ತರಿಸಿ ಮತ್ತೆ ಹೊಲಿಯಿರಿ. ನಾನು ಆ ದಿನ ಹೀಗೆಯೇ ಮಾಡಿದೆ. ಸುಕ್ಕಾದ ಅಂಚು ಕಾಣದಂತೆ ಕತ್ತಿಗೆ ತೆಳುವಾದ ಜರಿ ಅಂಚನ್ನು ಸರದ ಹಾಗೆ ಸುತ್ತಿದೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುವವರೆಗೂ ಅದು ತಲೆಯೆತ್ತಿ ನಿಂತಿತ್ತು.

ಕೆಲವರು ಸುರುಳಿಯ ಬದಲು ಐಸ್‌ಕ್ರೀಮ್ ಕಡ್ಡಿಯನ್ನೋ ಪೊರಕೆ ಕಡ್ಡಿಯನ್ನೋ ಹಾಕುತ್ತಾರೆ. ಮೆಟ್ಟಿಲ ಮೇಲೆ ಕೂರುವ ಗೊಂಬೆಗೆ ನಡೆಯುತ್ತದೆ. ಮಗುವಿನ ಕೈಗೆ ಹೋಗುವ ಗೊಂಬೆಗೆ ಖಂಡಿತ ಬೇಡ. ಮಗು ಗೊಂಬೆಯನ್ನು ತಬ್ಬಿಕೊಂಡು ಮಲಗುತ್ತದೆ, ಅದರ ಮೇಲೆ ಬೀಳುತ್ತದೆ. ಮುರಿದ ಕಡ್ಡಿ ಬಟ್ಟೆಯನ್ನು ಚುಚ್ಚಿಕೊಂಡು ಹೊರಗೆ ಬರುತ್ತದೆ.

ಮುಂದಿನ ಗೊಂಬೆಗೆ ಕಾಗದ ಬರೆಯುವಾಗ ಕತ್ತಿನ ಅಗಲ ತಲೆಯ ಅಗಲದ ಅರ್ಧಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಕಾಗದದ ಮೇಲೆ ಅದು ಪೈಲ್ವಾನನ ಕತ್ತಿನಂತೆ ಕಾಣುತ್ತದೆ. ಹೆದರಬೇಡಿ.

ಹೊಲಿಗೆಯ ಸಂದಿನಲ್ಲಿ ಹತ್ತಿ ಇಣುಕುತ್ತಿದೆ

ಫೆಲ್ಟ್ ಗೊಂಬೆಯ ಅಂಚನ್ನು ಸಾಮಾನ್ಯವಾಗಿ ಹೊರಗಿನಿಂದಲೇ ಹೊಲಿಯುತ್ತೇವೆ. ಎರಡು ಬಗೆ ಬಳಕೆಯಲ್ಲಿವೆ. ಒಂದು, ಅಂಚನ್ನು ಸುತ್ತಿಕೊಂಡು ಓರೆಯಾಗಿ ಸಾಗುವ ಹೊಲಿಗೆ. ಇನ್ನೊಂದು ಬ್ಲ್ಯಾಂಕೆಟ್ ಸ್ಟಿಚ್. ಕೈಯಲ್ಲಿ ಕಾಜಾ ಹಾಕಿ ಗೊತ್ತಿದ್ದವರಿಗೆ ಇದು ಹೊಸದಲ್ಲ, ಅದನ್ನೇ ಸ್ವಲ್ಪ ಬಿಡಿಬಿಡಿಯಾಗಿ ಹಾಕಬೇಕು ಅಷ್ಟೇ. ಸೀರೆಗೆ ಫಾಲ್ ಹೊಲಿದು ಕೈ ಪಳಗಿದವರು ಮಾತ್ರ ಇಲ್ಲಿ ಎಡವುತ್ತಾರೆ. ಫಾಲ್ ಹೊಲಿಗೆಯಲ್ಲಿ ಹೊಲಿಗೆ ದೂರದೂರ ಇದ್ದಷ್ಟೂ, ದಾರ ಕಾಣದಷ್ಟೂ ಅಂದ. ಗೊಂಬೆಯ ಅಂಚಿನ ಮೇಲೆ ಒಳಗಿನ ಹತ್ತಿ ಸದಾ ಒತ್ತುತ್ತಿರುತ್ತದೆ. ಫಾಲ್ ಹೊಲಿಗೆಗೆ ಇಂಥ ಒತ್ತಡವೇ ಇಲ್ಲ. ನಮ್ಮ ಅತ್ತೆಯ ಕೈಹೊಲಿಗೆ ಬೀದಿಗೆಲ್ಲ ಹೆಸರುವಾಸಿ. ಅವರ ಮೊದಲ ಗೊಂಬೆಯಲ್ಲೂ ಸಂದು ಬಿಟ್ಟಿತ್ತು, ಕಾರಣ ಆ ಅಭ್ಯಾಸವೇ.

ಪರೀಕ್ಷೆ ಸುಲಭ. ಹೊಲಿಗೆಯ ಸಾಲಿನ ಪಕ್ಕದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಎರಡು ಹೊಲಿಗೆಗಳ ನಡುವೆ ತೆರೆಯುವ ಬಾಯಿಯಲ್ಲಿ ಒಂದು ಸಾಸಿವೆ ಕಾಳು ಹೋಗುವಂತಿದ್ದರೆ ಅಲ್ಲಿಂದ ಹತ್ತಿ ಬಂದೇ ಬರುತ್ತದೆ. ಹೋಗದಿದ್ದರೆ ಹೊಲಿಗೆ ಸರಿಯಾಗಿದೆ.

ಬಾಯಿ ತೆರೆಯುತ್ತಿದೆ ಎಂದಾದರೆ ಏಕೆ ಎಂದು ನೋಡಬೇಕು. ಅಳತೆಪಟ್ಟಿ ಇಟ್ಟು ಹೊಲಿಗೆಗಳ ಅಂತರ ನೋಡಿ. 3 ಮಿ.ಮೀ. ಸರಿ, 5 ಮಿ.ಮೀ. ಆದರೆ ಅಲ್ಲಿಯೇ ಉತ್ತರ ಸಿಕ್ಕಿತು. ಅಂತರ ಸರಿಯಿದ್ದರೆ ಅಂಚಿನಿಂದ ಎಷ್ಟು ಒಳಗೆ ಸೂಜಿ ಚುಚ್ಚಿದ್ದೀರಿ ಎಂದು ನೋಡಿ. ಒಂದು ಮಿ.ಮೀ. ಒಳಗೆ ಚುಚ್ಚಿದ್ದರೆ ದಾರ ಬಟ್ಟೆಯನ್ನು ಕೊಯ್ದುಕೊಂಡು ಅಂಚಿಗೆ ಬರುತ್ತದೆ. ನೇಯ್ದ ಬಟ್ಟೆಯಲ್ಲಿ ಹಾಸುಹೊಕ್ಕಿನ ಎಳೆಗಳು ದಾರವನ್ನು ತಡೆದು ನಿಲ್ಲಿಸುತ್ತವೆ. ಫೆಲ್ಟಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗಿವೆ. ಅಂಚು ನೂಲು ಬಿಡುವುದಿಲ್ಲ ಎಂಬ ಅನುಕೂಲ ಬಂದದ್ದೂ ಇದರಿಂದ, ಅಂಚಿನ ಹತ್ತಿರ ಸುಲಭವಾಗಿ ಹರಿಯುತ್ತದೆ ಎಂಬ ತೊಂದರೆ ಬಂದದ್ದೂ ಇದರಿಂದಲೇ. ಈ ಎರಡೂ ಸರಿಯಿದ್ದು ಹತ್ತಿ ಇಣುಕಿದರೆ ಅತಿಯಾಗಿ ತುಂಬಿದ್ದೀರಿ.

ಅಂತರ ಹೆಚ್ಚಾಗಿದ್ದರೆ ಏನನ್ನೂ ಬಿಚ್ಚಬೇಕಿಲ್ಲ. ಅದೇ ಬಣ್ಣದ ದಾರದಲ್ಲಿ ಕೊನೆಯಿಂದ ಮೊದಲಿಗೆ, ಹಳೆಯ ಹೊಲಿಗೆಗಳ ನಡುನಡುವೆ ಒಂದೊಂದು ಹೊಲಿಗೆ ಹಾಕುತ್ತಾ ಹಿಂದಿರುಗಿ ಬನ್ನಿ. ಇಣುಕಿದ ಹತ್ತಿಯನ್ನು ಎಳೆಯಬೇಡಿ, ಒಂದು ಎಳೆ ಎಳೆದರೆ ಹಿಂದೆಯೇ ಹತ್ತು ಬರುತ್ತವೆ. ಸೂಜಿಯ ಹಿಂಬದಿಯಿಂದ ಒಳಗೆ ತಳ್ಳಿ. ಅಂಚು ಹರಿದಿದ್ದರೆ ಮಾತ್ರ ಬಿಚ್ಚಿ, ಹಳೆಯ ಅಂಚನ್ನು ಕತ್ತರಿಸಿ, 2 ಮಿ.ಮೀ. ಒಳಗೆ ಹೊಸ ಸಾಲು ಹಾಕಿ. ಗೊಂಬೆ ಸ್ವಲ್ಪ ಸಣ್ಣದಾಗುತ್ತದೆ. ಎರಡೂ ಕೈಗಳನ್ನು ಒಟ್ಟಿಗೆ ಸಣ್ಣದು ಮಾಡಿ.

ಹತ್ತಿ ತುಂಬಲು ಬಿಟ್ಟ ಬಾಯಿಯ ಎರಡು ಮೂಲೆಗಳೇ ಹರಿದಿದ್ದರೆ ಅದು ಬೇರೆ ವಿಷಯ. ಬಾಯಿ ಚಿಕ್ಕದಾಗಿತ್ತು, ಬೆರಳನ್ನು ಬಲವಂತವಾಗಿ ತೂರಿಸಿದ್ದೀರಿ. ಸೊಂಟದ ನೇರವಾದ ಬದಿಯಲ್ಲಿ 5 ಸೆಂ.ಮೀ. ಬಾಯಿ ಬಿಡಿ. ಅದರ ಎರಡು ತುದಿಗೂ ಒಂದೇ ಜಾಗದಲ್ಲಿ ಮೂರು ಸಲ ಸೂಜಿ ಹಾಕಿ ಭದ್ರಪಡಿಸಿ. ತಿರುವಿನಲ್ಲಿ ಬಾಯಿ ಬಿಡಬೇಡಿ. ಆಮೇಲೆ ಅದನ್ನು ಅಂದವಾಗಿ ಮುಚ್ಚುವುದು ತುಂಬ ಕಷ್ಟ.

ಅಂಚು ಸುಕ್ಕಾಗಿದೆ, ಅಥವಾ ಒಂದು ಪದರ ಉದ್ದ ಉಳಿದಿದೆ

ಎರಡೂ ಒಂದೇ ಕುಟುಂಬದವು, ಎರಡಕ್ಕೂ ಎಳೆತವೇ ಕಾರಣ.

ಅಂಚು ಅಲೆಅಲೆಯಾಗಿದ್ದರೆ ದಾರ ಬಿಗಿಯಾಗಿದೆ. ಪ್ರತಿ ಹೊಲಿಗೆಯ ಕೊನೆಯಲ್ಲಿ ಗಂಟು ಬಿಗಿಯುವವರಂತೆ ಜಗ್ಗುವುದು ಹೊಸಬರ ಅಭ್ಯಾಸ. ದಾರ ಬಟ್ಟೆಯ ಮೇಲೆ ಒರಗಿದರೆ ಸಾಕು, ಅದರೊಳಗೆ ಹೂತುಹೋಗಬಾರದು. ಕೊನೆಯ ಗಂಟನ್ನು ಇನ್ನೂ ಹಾಕಿಲ್ಲ ಎಂದಾದರೆ ಬಿಚ್ಚದೆಯೇ ಸರಿಪಡಿಸಬಹುದು. ಮೊದಲ ಹೊಲಿಗೆಯಿಂದ ಆರಂಭಿಸಿ ಸೂಜಿಯ ಮೊನೆಯಿಂದ ಪ್ರತಿ ಹೊಲಿಗೆಯನ್ನೂ ಸ್ವಲ್ಪ ಎತ್ತಿ, ಅಂಚನ್ನು ಬೆರಳಿನಿಂದ ನೀವುತ್ತಾ ಬಿಗಿತವನ್ನು ಹಂಚಬೇಕು. ಇದಕ್ಕೆ ಕೊನೆಯ ತುದಿಯಲ್ಲಿರುವ ದಾರವೇ ಹಿಂದಕ್ಕೆ ಹೋಗಿ ಸೇರುತ್ತದೆ.

ಹೊಲಿಯುತ್ತಾ ಹೋದಂತೆ ಮುಂದಿನ ಪದರ ಮುಗಿದು ಹಿಂದಿನ ಪದರ ಅರ್ಧ ಬೆರಳು ಉಳಿದರೆ ಅದನ್ನು ಕತ್ತರಿಸಿ ಸಮಮಾಡುವ ಆಸೆಯಾಗುತ್ತದೆ. ಮಾಡಬೇಡಿ. ಮೊದಲು ಎರಡು ಪದರಗಳ ಕಾಗದದ ಅಳತೆ ನೋಡಿ. ಎರಡು ಪದರವನ್ನೂ ಒಟ್ಟಿಗೆ ಮಡಚಿ ಕತ್ತರಿಸಿದ್ದರೆ ಮೇಲಿನದು ಜಾರಿರುತ್ತದೆ, ಎರಡೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅಳತೆ ಸರಿಯಿದ್ದರೆ ಬಟ್ಟೆಯೇ ಜಗ್ಗಿದೆ. ಯಂತ್ರದಲ್ಲಿ ತಯಾರಾದ ಫೆಲ್ಟ್ ಅನೇಕ ಸಲ ಒಂದು ದಿಕ್ಕಿನಲ್ಲಿ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮುಂಭಾಗವನ್ನು ಹಾಳೆಯ ಉದ್ದಕ್ಕೂ ಹಿಂಭಾಗವನ್ನು ಅಡ್ಡಕ್ಕೂ ಇಟ್ಟು ಕತ್ತರಿಸಿದರೆ ಎರಡೂ ಬೇರೆಬೇರೆ ಹಾದಿ ಹಿಡಿಯುತ್ತವೆ. ಹಾಳೆಯಲ್ಲಿ ಜಾಗ ಉಳಿಸಲು ನಾನೂ ಹಾಗೆ ಮಾಡಿದ್ದೆ, ಲಂಗದ ಅಂಚು ಓರೆಯಾಗಿ ನಿಂತಿತು.

ತಲೆಯ ನೆತ್ತಿ, ಎರಡು ಭುಜ, ಸೊಂಟ, ಪಾದ, ಇಷ್ಟು ಕಡೆ ಮೊದಲೇ ಬೇರೆ ಬಣ್ಣದ ದಾರದಲ್ಲಿ ಒಂದೊಂದು ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರಗಳು ಓಡುವುದಿಲ್ಲ. ಗುಂಡುಪಿನ್ನುಗಳಿಂದಲೂ ಆಗುತ್ತದೆ. ಆದರೆ ದಪ್ಪ ಫೆಲ್ಟಿನಲ್ಲಿ ಪಿನ್ನು ಬಟ್ಟೆಯನ್ನು ಉಬ್ಬಿಸುವುದರಿಂದ ನನಗೆ ಕಚ್ಚಾ ಹೊಲಿಗೆಯ ಮೇಲೆಯೇ ನಂಬಿಕೆ.

ಬಟ್ಟೆಯ ಮೇಲೆಯೇ ಅನುಮಾನ

ಮೇಲಿನ ಎಲ್ಲವೂ ಸರಿಯಿದ್ದು ಹೊಲಿಗೆಯ ಸುತ್ತ ಬಟ್ಟೆ ತೆಳುವಾಗುತ್ತಿದ್ದರೆ, ಅಥವಾ ಎರಡೇ ದಿನದಲ್ಲಿ ಮೇಲೆ ಸಣ್ಣಸಣ್ಣ ಉಂಡೆಗಳು ಎದ್ದರೆ ಫೆಲ್ಟನ್ನೇ ಪರೀಕ್ಷಿಸಿ. ಸ್ಟೇಷನರಿ ಅಂಗಡಿಗಳಲ್ಲಿ ಎ4 ಅಳತೆಯಲ್ಲಿ ಸಿಗುವ ಬಣ್ಣಬಣ್ಣದ ಹಾಳೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಮುಳ್ಳಿರುವ ಸೂಜಿಗಳಿಂದ ಸಾವಿರಾರು ಸಲ ಚುಚ್ಚಿ ನಾರುಗಳನ್ನು ಹೆಣೆದಿರುತ್ತಾರೆ. ಉಣ್ಣೆಯ ಫೆಲ್ಟಿನ ಹುಟ್ಟು ಬೇರೆ. ಕುರಿಯ ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂತೆ ಪದರಗಳಿವೆ. ಬಿಸಿನೀರು, ಸೋಪು, ಉಜ್ಜುವಿಕೆ ಮೂರೂ ಸೇರಿದಾಗ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಾಶ್ಮೀರದ ನಮದಾ ಹಾಸುಗಳು ಹೀಗೆಯೇ ಆಗುತ್ತವೆ. ನಮ್ಮ ಕಡೆಯ ಕಂಬಳಿ ನೇಯ್ದದ್ದು, ಅದು ಫೆಲ್ಟ್ ಅಲ್ಲ.

ಯಾವುದು ಎಂದು ತಿಳಿಯಲು ಉಗುರಿನಷ್ಟು ಚೂರನ್ನು ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ದೀಪಕ್ಕೆ ತೋರಿಸಿ. ಪಕ್ಕದಲ್ಲಿ ನೀರಿರಲಿ, ಮಕ್ಕಳು ಹತ್ತಿರ ಇರಬಾರದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಮುದುಡಿಕೊಂಡು ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ. ಕರಗಿದ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆರುವ ಮುನ್ನ ಮುಟ್ಟಬೇಡಿ.

ಈ ಪರೀಕ್ಷೆಯಿಂದ ಇಸ್ತ್ರಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬಿಸಿ ಇಸ್ತ್ರಿಪೆಟ್ಟಿಗೆ ತಾಗಿ ಗೊಂಬೆಯ ಬಟ್ಟೆ ಮಿರುಗುತ್ತಿದ್ದರೆ, ಗಡುಸಾಗಿದ್ದರೆ ಮೇಲ್ಪದರ ಕರಗಿದೆ. ಅದಕ್ಕೆ ಮದ್ದಿಲ್ಲ, ಆ ತುಂಡನ್ನು ಬದಲಿಸಬೇಕು. ಕೃತಕ ಫೆಲ್ಟಿಗೆ ಅತಿ ಕಡಿಮೆ ಬಿಸಿ, ನಡುವೆ ಹತ್ತಿಯ ಪಂಚೆಯ ತುಂಡು.

ಕೃತಕ ಫೆಲ್ಟ್ ಕೀಳು ಎಂದು ನಾನು ಹೇಳುವುದಿಲ್ಲ. ಮೊದಲ ಗೊಂಬೆಗೆ ಅದೇ ಸಾಕು, ನುಸಿಯೂ ಹಿಡಿಯುವುದಿಲ್ಲ. ಕೊಳ್ಳುವಾಗ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಮೋಡದಂತೆ ತೆಳುವಾಗಿ ಕಂಡರೆ ಬಿಡಿ. ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆದದ್ದು ಹಿಂದಕ್ಕೆ ಬರದೆ ಹಾಗೆಯೇ ಉಳಿದರೆ ಅದು ಗೊಂಬೆಯ ಮೈಗೆ ಆಗದು, ಹೂವು ಎಲೆಗಳಿಗೆ ಆದೀತು.

ಮೈಯೆಲ್ಲ ಗಂಟುಗಂಟು

ಹತ್ತಿಯನ್ನು ಮುಷ್ಟಿಮುಷ್ಟಿಯಾಗಿ ತುರುಕಿದ್ದೀರಿ. ದಿಂಬಿಗೆ ಬಳಸುವ ಫೈಬರ್ ಹತ್ತಿ ಹಾಸಿಗೆ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಅದೇ ಒಳ್ಳೆಯದು. ಮನೆಯ ಹಳೆಯ ದಿಂಬಿನ ಅರಳೆಯನ್ನು ಬಳಸಿದರೆ ಅದು ಮೊದಲೇ ಗಟ್ಟಿಯಾಗಿರುತ್ತದೆ, ಮಳೆಗಾಲದ ತೇವವನ್ನೂ ಹೀರಿಕೊಳ್ಳುತ್ತದೆ. ಯಾವುದೇ ಆಗಲಿ, ನೆಲ್ಲಿಕಾಯಿ ಗಾತ್ರದಷ್ಟನ್ನು ಬಿಡಿಸಿ, ಎಳೆಗಳು ಬೇರೆಬೇರೆಯಾಗುವವರೆಗೆ ಹಿಂಜಿ, ಕೈಕಾಲಿನ ತುದಿಯಿಂದ ಆರಂಭಿಸಿ ತುಂಬಿ. ತುಂಬಲು ಪೆನ್ಸಿಲಿನ ಚೂಪಿಲ್ಲದ ತುದಿ ಸಾಕು.

ಈಗಾಗಲೇ ಮುಚ್ಚಿದ ಗೊಂಬೆಯಾದರೆ ಉದ್ದನೆಯ ಸೂಜಿಯನ್ನು ಹೊಲಿಗೆಯ ಸಂದಿನಿಂದ ಒಳಗೆ ಹಾಕಿ, ಗಂಟನ್ನು ಅದರ ಮೊನೆಯಿಂದ ಅತ್ತಿತ್ತ ಕೆದಕಿ. ಚಿಕ್ಕ ಗಂಟುಗಳು ಕರಗುತ್ತವೆ. ದೊಡ್ಡದಾದರೆ ಬಾಯಿ ತೆರೆದು ಎಲ್ಲ ಹತ್ತಿಯನ್ನೂ ಹೊರಗೆ ತೆಗೆಯುವುದೇ ಲೇಸು. ಅರ್ಧ ತೆಗೆದು ಅರ್ಧ ಬಿಟ್ಟರೆ ಹಳೆಯ ಗಂಟು, ಹೊಸ ಹತ್ತಿ ಎರಡೂ ಸೇರುವುದಿಲ್ಲ.

ಮುಖ ಸೊಟ್ಟಗಿದೆ

ಇದು ಮನಸ್ಸಿಗೆ ಹೆಚ್ಚು ನೋವು ಕೊಡುವ ದೋಷ. ಕೈ ಸ್ವಲ್ಪ ಉದ್ದವಾದರೆ ಯಾರಿಗೂ ತಿಳಿಯುವುದಿಲ್ಲ. ಕಣ್ಣು ಒಂದು ಮಿ.ಮೀ. ಮೇಲೆ ಹೋದರೂ ಗೊಂಬೆ ಬೇರೆಯೇ ಯಾರೋ ಆಗಿಬಿಡುತ್ತದೆ.

ಕಣ್ಣುಗಳು ಕಿವಿಯ ಕಡೆಗೆ ಸರಿದಂತೆ ಕಂಡರೆ ಕತ್ತಿನ ಲೆಕ್ಕವನ್ನು ನೆನಪಿಸಿಕೊಳ್ಳಿ. 8 ಸೆಂ.ಮೀ. ಅಗಲದ ಚಪ್ಪಟೆ ಮುಖ ದುಂಡಗಾದಾಗ ಎದುರಿನಿಂದ ಐದಕ್ಕಿಂತ ಕಡಿಮೆ ಕಾಣುತ್ತದೆ. ಚಪ್ಪಟೆಯಾಗಿದ್ದಾಗ ಸರಿಯಾದ ಜಾಗದಲ್ಲಿದ್ದ ಕಣ್ಣು ತುಂಬಿದ ಮೇಲೆ ಬದಿಗೆ ತಿರುಗುತ್ತದೆ. ಆದ್ದರಿಂದ ಕಾಗದದ ಮೇಲೆ ಕಣ್ಣುಗಳನ್ನು ನಿಮಗೆ ಸರಿ ಎನಿಸುವುದಕ್ಕಿಂತ ಹತ್ತಿರಕ್ಕೆ ತನ್ನಿ, ಮುಖದ ನಡುಗೆರೆಗಿಂತ ಸ್ವಲ್ಪ ಕೆಳಗೆ ಇಡಿ. ಎಳೆ ಮಕ್ಕಳ ಮುಖದಲ್ಲಿ ಹಣೆ ದೊಡ್ಡದು, ಕಣ್ಣು ಕೆಳಗೆ. ಗೊಂಬೆಗೆ ಮುದ್ದು ಬರುವುದು ಹಾಗೆ. ತಲೆಗೆ ತಾತ್ಕಾಲಿಕವಾಗಿ ಹತ್ತಿ ತುಂಬಿ, ಕಪ್ಪು ತಲೆಯ ಎರಡು ಗುಂಡುಪಿನ್ನುಗಳನ್ನು ಚುಚ್ಚಿ, ತೋಳಿನ ದೂರಕ್ಕೆ ಹಿಡಿದು ನೋಡಿ. ಜಾಗ ಒಪ್ಪಿಗೆಯಾದ ಮೇಲೆ ಹತ್ತಿ ತೆಗೆದು, ಚಪ್ಪಟೆ ಬಟ್ಟೆಯ ಮೇಲೆ ಹೊಲಿಯಿರಿ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ನಾನು ಯಾವ ಗೊಂಬೆಗೂ ಇದನ್ನು ಬಿಟ್ಟಿಲ್ಲ.

ಗುರುತು ಹಾಕಲು ಬಾಲ್‌ಪೆನ್ ಬೇಡ, ಶಾಯಿ ನಾರಿನೊಳಗೆ ಹರಡುತ್ತದೆ. ಗಾಢ ಬಣ್ಣಕ್ಕೆ ಸವೆದ ಸೋಪಿನ ಚೂರು ಸೊಗಸಾಗಿ ಬರೆಯುತ್ತದೆ. ಮುಖದಂಥ ತಿಳಿ ಬಣ್ಣಕ್ಕೆ ತೆಳು ಕಾಗದದ ಮೇಲೆ ಕಣ್ಣು ಬಾಯಿ ಬರೆದು, ಬಟ್ಟೆಗೆ ಪಿನ್ನು ಮಾಡಿ, ಕಾಗದದ ಮೇಲಿಂದಲೇ ಕಸೂತಿ ಹಾಕಿ, ಕೊನೆಗೆ ಕಾಗದವನ್ನು ಹರಿದು ತೆಗೆಯಿರಿ. ಗೋಂದಿನಿಂದ ಅಂಟಿಸಿದ ಕೆನ್ನೆಯ ಸುತ್ತ ಗಡುಸಾದ ಕಲೆ ಬಿದ್ದಿದ್ದರೆ ಅದು ಹೋಗುವುದಿಲ್ಲ. ಕೆನ್ನೆಯನ್ನು ಕಲೆ ಮುಚ್ಚುವಷ್ಟು ದೊಡ್ಡದು ಮಾಡಿ.

ದಾರ ಪದೇಪದೇ ಸಿಕ್ಕಾಗುತ್ತಿದೆ

ದಾರ ಉದ್ದವಾಗಿದೆ. ಒಂದು ಮೊಳಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಕಸೂತಿ ದಾರದ ಲಡಿಯಲ್ಲಿ ಆರು ಎಳೆಗಳು ಸೇರಿರುತ್ತವೆ. ಒಂದೊಂದನ್ನೇ ಹೊರಗೆಳೆದು ಎರಡು ಅಥವಾ ಮೂರನ್ನು ಮತ್ತೆ ಜೋಡಿಸಿಕೊಳ್ಳಿ. ಒಟ್ಟಿಗೆ ಎಳೆದರೆ ಅಲ್ಲಿಯೇ ಗೋಜಲು ಆರಂಭ. ಹತ್ತು ಹೊಲಿಗೆಗೊಮ್ಮೆ ಗೊಂಬೆಯನ್ನು ಮೇಲೆ ಹಿಡಿದು ಸೂಜಿಯನ್ನು ಜೋತುಬಿಡಿ, ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಸೂಜಿ ಬಟ್ಟೆಯಲ್ಲಿ ದೊಡ್ಡ ತೂತು ಮಾಡುತ್ತಿದ್ದರೆ ಸಣ್ಣ ಸೂಜಿ ಬಳಸಿ. ಸೂಜಿಯ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ ಎಂಬುದು ನೆನಪಿರಲಿ. ಎರಡು ಎಳೆಗೆ 7ನೇ ಸಂಖ್ಯೆಯ ಕಸೂತಿ ಸೂಜಿ ನನ್ನ ಕೈಗೆ ಹಿಡಿಸಿದೆ.

ಜಡೆ, ಮಲ್ಲಿಗೆ, ಗುಂಡಿ

ಉಲ್ಲನ್ ಜಡೆ ಕಿತ್ತು ಬರುತ್ತಿದ್ದರೆ ತಲೆ ಮುಚ್ಚಿದ ಮೇಲೆ ಅದನ್ನು ಹೊರಗಿನಿಂದ ಹೊಲಿದಿದ್ದೀರಿ. ಜಡೆಯ ಬುಡವನ್ನು ಎರಡು ಪದರಗಳ ನಡುವೆ ಒಂದು ಸೆಂ.ಮೀ. ಒಳಗಿಟ್ಟು, ಅಂಚಿನ ಹೊಲಿಗೆಯ ಜೊತೆಗೇ ಹೊಲಿಯಬೇಕು. ಮಕ್ಕಳು ಗೊಂಬೆಯನ್ನು ಎತ್ತುವುದೇ ಜಡೆ ಹಿಡಿದು.

ನನ್ನ ಗೊಂಬೆಯ ಮಲ್ಲಿಗೆಗೆ ಮೊದಲು ಬಿಳಿ ಮಣಿಗಳನ್ನು ಹಾಕಿದ್ದೆ. ಎರಡನೆಯ ದಿನವೇ ಒಂದು ಮಣಿ ನೆಲದ ಮೇಲೆ ಬಿದ್ದಿತ್ತು. ಮನೆಯಲ್ಲಿ ಅಂಬೆಗಾಲಿಡುವ ಮಗುವೂ ಬಂದು ಹೋಗುತ್ತಿತ್ತು. ಆ ಮಣಿಯನ್ನು ಕೈಯಲ್ಲಿ ಹಿಡಿದಾಗ ಆದ ಭಯವನ್ನು ಮರೆತಿಲ್ಲ. ಅಂದೇ ಎಲ್ಲ ಮಣಿಗಳನ್ನೂ ತೆಗೆದು ಬಿಳಿ ದಾರದ ಗಂಟುಗಳನ್ನು ಹಾಕಿದೆ, ಮಲ್ಲಿಗೆ ಮೊಗ್ಗಿಗೆ ಅದೇ ಹೆಚ್ಚು ಹೋಲುತ್ತದೆ. ಮೂರು ವರ್ಷದ ಒಳಗಿನ ಮಕ್ಕಳಿರುವ ಮನೆಗೆ ಗುಂಡಿಯ ಕಣ್ಣು, ಮಣಿ, ಗೆಜ್ಜೆ ಯಾವುದೂ ಬೇಡ. ಎಷ್ಟು ಗಟ್ಟಿಯಾಗಿ ಹೊಲಿದಿದ್ದೇನೆ ಎಂಬ ಭರವಸೆ ಇಲ್ಲಿ ಸಾಲದು, ದಾರ ಸವೆಯುತ್ತದೆ. ಕಣ್ಣನ್ನು ದಾರದಲ್ಲೇ ಹೊಲಿಯಿರಿ.

ಒಗೆದ ಮೇಲೆ, ಎತ್ತಿಟ್ಟ ಮೇಲೆ

ಒಗೆದಾಗ ಕೆಂಪು ರವಿಕೆಯ ಬಣ್ಣ ಮುಖಕ್ಕೆ ಇಳಿದಿದ್ದರೆ ಅದನ್ನು ತೆಗೆಯುವುದು ಕಷ್ಟ. ಹೊಲಿಯುವ ಮುಂಚೆಯೇ ಒದ್ದೆ ಬಿಳಿ ಬಟ್ಟೆಯನ್ನು ಕೆಂಪು, ಕಡುನೀಲಿ ಫೆಲ್ಟಿನ ಮೇಲೆ ಐದು ನಿಮಿಷ ಒತ್ತಿಟ್ಟು ನೋಡಿ. ಬಣ್ಣ ಹತ್ತಿದರೆ ಆ ಹಾಳೆಯನ್ನು ಒಮ್ಮೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ ಆಮೇಲೆ ಕತ್ತರಿಸಿ. ಗೊಂಬೆ ಒಗೆದ ಮೇಲೆ ಚಿಕ್ಕದಾಗಿ ದಪ್ಪಗಾಗಿದ್ದರೆ ಅದು ಉಣ್ಣೆಯ ಫೆಲ್ಟ್, ಬಿಸಿನೀರಿಗೋ ವಾಷಿಂಗ್ ಮೆಷಿನ್ನಿಗೋ ಹೋಗಿದೆ. ಅದನ್ನು ಹಿಂದಿನ ಅಳತೆಗೆ ತರಲು ಆಗುವುದಿಲ್ಲ. ಕೊಳೆಯಾದ ಜಾಗವನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸುವುದು ಸರಿಯಾದ ದಾರಿ.

ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸಂಜೆಯ ಮಳೆ ಇದ್ದೇ ಇರುತ್ತದೆ. ಗೊಂಬೆಗಳನ್ನು ಇಳಿಸಿದ ರಾತ್ರಿಯೇ ಫೆಲ್ಟ್ ಗೊಂಬೆಯನ್ನು ಪೆಟ್ಟಿಗೆಗೆ ಹಾಕಬೇಡಿ. ಒಂದು ದಿನ ಗಾಳಿಯಾಡುವ ನೆರಳಿನಲ್ಲಿಟ್ಟು, ಮೈಯನ್ನು ಒತ್ತಿ ನೋಡಿ, ತಣ್ಣಗೆ ಅನಿಸಿದರೆ ಒಳಗೆ ಇನ್ನೂ ತೇವವಿದೆ. ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿಯ ಪಂಚೆಯಲ್ಲಿ ಸುತ್ತಿ, ಕತ್ತು ಮಡಚದಂತೆ ಅಂಗಾತ ಮಲಗಿಸಿ. ಉಣ್ಣೆಯದಾದರೆ ಒಣಗಿದ ಬೇವಿನ ಎಲೆ ಹಾಕಿ, ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ. ಮಕ್ಕಳು ಬಾಯಿಗೆ ಹಾಕುವ ಗೊಂಬೆಯ ಪೆಟ್ಟಿಗೆಗೆ ನುಸಿಗುಳಿಗೆ ಹಾಕಬೇಡಿ. ಅದೇ ಪಂಚೆಯ ಮಡಿಕೆಯಲ್ಲಿ, ತಿದ್ದಿದ ಅಳತೆಗಳನ್ನು ಬರೆದ ಕಾಗದದ ಮಾದರಿಯನ್ನೂ ಇಡಿ.